ಘಟಕದೊಳಗೆ ಘಟಕ: ಹೊಯ್ಸಳ ದೇವಾಲಯಗಳ ಜಾಲತಾಣವನ್ನು ಡ್ರೂಪಲ್‌ನಲ್ಲಿ ಜೋಡಿಸುವ ಕ್ರಮ

ಹಾಸನದಲ್ಲಿ ನಾವು ನಾಲ್ಕೈದು ಮಂದಿ ಸೇರಿ, ಜಿಲ್ಲೆಯ ಹೊಯ್ಸಳ ದೇವಾಲಯಗಳನ್ನು ಒಂದೊಂದಾಗಿ ಕನ್ನಡದಲ್ಲಿ ದಾಖಲಿಸುವ ಜಾಲತಾಣವೊಂದನ್ನು ಕಟ್ಟುತ್ತಿದ್ದೇವೆ. ಬೇಲೂರು ಮತ್ತು ಹಳೇಬೀಡುಗಳು ಮೈಸೂರು ಜಿಲ್ಲೆಯ ಸೋಮನಾಥಪುರದೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಎರಡು ಊರುಗಳ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ನುಗ್ಗೇಹಳ್ಳಿ, ದೊಡ್ಡಗದ್ದವಳ್ಳಿ, ಮೊಸಳೆ, ಜಾವಗಲ್‌ಗಳ ಬಗ್ಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ನಮ್ಮಲ್ಲಿ ಬರೆಯುವವರು ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು ಮತ್ತು ಮೂವರು ಕಾಲೇಜು ವಿದ್ಯಾರ್ಥಿಗಳು. ಜಾಲತಾಣವನ್ನು ರೂಪಿಸುವ ಕೆಲಸ ನನ್ನ ಪಾಲಿನದು.

ಆರಂಭದಲ್ಲಿ ಪ್ರತಿ ದೇವಾಲಯಕ್ಕೂ ಒಂದೇ ದೊಡ್ಡ ಬರಹದ ಪೆಟ್ಟಿಗೆ ಕೊಟ್ಟಿದ್ದೆವು. ಮೇಷ್ಟ್ರು ಅದರಲ್ಲೇ ಇತಿಹಾಸ, ಗರ್ಭಗುಡಿಗಳ ವರ್ಣನೆ, ಶಿಲ್ಪಗಳ ಪಟ್ಟಿ, ಛಾಯಾಚಿತ್ರ ಎಲ್ಲವನ್ನೂ ಸೇರಿಸಿ ಬರೆದರು. ಓದಲು ಅದು ಚೆನ್ನಾಗಿಯೇ ಇತ್ತು. ಆದರೆ ಬೇಲೂರಿನ ಮದನಿಕೆಯರನ್ನಷ್ಟೇ ಒಂದು ಪುಟದಲ್ಲಿ ತೋರಿಸಬೇಕೆಂದಾಗ, ಅಥವಾ ಒಬ್ಬನೇ ರೂವಾರಿ (ಶಿಲ್ಪಿ) ಬೇರೆ ಬೇರೆ ಊರುಗಳಲ್ಲಿ ಕಡೆದ ವಿಗ್ರಹಗಳನ್ನು ಒಟ್ಟಿಗೆ ತರಬೇಕೆಂದಾಗ, ಪೆಟ್ಟಿಗೆಯೊಳಗಿನ ಬರಹದಲ್ಲಿ ಯಾವುದು ಶಿಲ್ಪದ ಹೆಸರು, ಯಾವುದು ಗೋಡೆಯ ವರ್ಣನೆ ಎಂಬುದು ಗಣಕಕ್ಕೆ ತಿಳಿಯುವ ದಾರಿಯೇ ಇರಲಿಲ್ಲ. ಆದ್ದರಿಂದ ಬರಹವನ್ನು ಘಟಕಗಳಾಗಿ ಒಡೆದೆವು, ಕೆಲವು ಘಟಕಗಳೊಳಗೆ ಮತ್ತೆ ಘಟಕಗಳನ್ನು ಇಟ್ಟೆವು. ನಾವು ಬಳಸುವ ವಿಷಯ ನಿರ್ವಹಣಾ ವ್ಯವಸ್ಥೆ ಡ್ರೂಪಲ್. ಅದರಲ್ಲಿ ಈ ಕೆಲಸಕ್ಕೆ ಹೆಚ್ಚಿನವರು ನೆಚ್ಚಿಕೊಂಡಿರುವುದು ಪ್ಯಾರಾಗ್ರಾಫ್ಸ್ ಎಂಬ ಮಾಡ್ಯೂಲ್, ಅಂದರೆ ಡ್ರೂಪಲ್‌ಗೆ ಜೋಡಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ. ಬೇರೆ ವ್ಯವಸ್ಥೆ ಬಳಸುವವರಿಗೆ ಗುಂಡಿಗಳ ಹೆಸರು ಬೇರೆಯಾದೀತು, ಆದರೆ ಮುಂದಿನ ಭಾಗದಲ್ಲಿ ಹೇಳುವ ಯೋಚನೆ ಅವರಿಗೂ ಹೊಂದುತ್ತದೆ.

ಗಣಕ ತೆರೆಯುವ ಮೊದಲು ಕಾಗದ

ಪ್ಯಾರಾಗ್ರಾಫ್ ಎಂದರೆ ಇಲ್ಲಿ ವಾಕ್ಯವೃಂದ ಎಂಬ ಅರ್ಥವಲ್ಲ. ಅದು ಕೆಲವು ಫೀಲ್ಡ್‌ಗಳನ್ನು, ಅಂದರೆ ಮಾಹಿತಿ ತುಂಬುವ ಜಾಗಗಳನ್ನು, ಕೂಡಿಸಿ ಮಾಡಿದ ಒಂದು ಪುಟ್ಟ ಅರ್ಜಿ ನಮೂನೆ. ‘ಶಿಲ್ಪ’ ಎಂಬ ಪ್ಯಾರಾಗ್ರಾಫ್ ಬಗೆಯಲ್ಲಿ ಹೆಸರು, ಚಿತ್ರ, ವಿವರಣೆ ಎಂಬ ಮೂರು ಫೀಲ್ಡ್‌ಗಳಿದ್ದರೆ, ಬರೆಯುವವರು ಎಷ್ಟು ಶಿಲ್ಪಗಳಿವೆಯೋ ಅಷ್ಟು ಸಲ ಆ ನಮೂನೆಯನ್ನು ಸೇರಿಸಿ ತುಂಬುತ್ತಾರೆ. ‘ಭಾಗ’ ಎಂಬ ಇನ್ನೊಂದು ಬಗೆ ಗರ್ಭಗುಡಿ, ಅದರ ಮುಂದಿನ ಸುಕನಾಸಿ, ನವರಂಗವೆಂಬ ಮಂಟಪ, ಹೊರಗೋಡೆ ಇಂಥವುಗಳನ್ನು ವರ್ಣಿಸುತ್ತದೆ. ಅದರೊಳಗೆ ‘ಶಿಲ್ಪಗಳು’ ಎಂಬ ಫೀಲ್ಡ್ ಇಟ್ಟು, ಆ ಫೀಲ್ಡ್‌ನಲ್ಲಿ ‘ಶಿಲ್ಪ’ ಬಗೆಯ ನಮೂನೆಗಳು ಮಾತ್ರ ಸೇರುವಂತೆ ಮಾಡಿದರೆ ಘಟಕದೊಳಗೆ ಘಟಕ ಸಿದ್ಧವಾಗುತ್ತದೆ. ದೇವಾಲಯದೊಳಗೆ ಭಾಗ, ಭಾಗದೊಳಗೆ ಶಿಲ್ಪ. ಇಷ್ಟು ಸರಳವಾಗಿರುವುದರಿಂದಲೇ ಇದನ್ನು ಅತಿಯಾಗಿ ಮಾಡುವ ಆಸೆ ಹುಟ್ಟುತ್ತದೆ.

ನಾನು ಆ ಆಸೆಗೆ ಬಿದ್ದವನೇ. ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸ ಎಂದು ಪಟ್ಟಿಕೆಗಳು ಸಾಲಾಗಿ ಏರುವುದನ್ನು ನೋಡಿದವರಿಗೆ, ಭಾಗದೊಳಗೆ ಗೋಡೆ, ಗೋಡೆಯೊಳಗೆ ಪಟ್ಟಿಕೆ, ಪಟ್ಟಿಕೆಯೊಳಗೆ ಶಿಲ್ಪ ಎಂದು ನಾಲ್ಕು ಮಟ್ಟದ ರಚನೆ ತಾನಾಗಿಯೇ ಹೊಳೆಯುತ್ತದೆ. ಹಾಗೆಯೇ ಮಾಡಿ ವಿದ್ಯಾರ್ಥಿಗಳ ಕೈಗೆ ಕೊಟ್ಟೆ. ಒಬ್ಬ ವಿದ್ಯಾರ್ಥಿನಿ ಒಂದು ಗಜೇಂದ್ರಮೋಕ್ಷದ ಕೆತ್ತನೆಯನ್ನು ಸೇರಿಸಲು ನಾಲ್ಕು ಸಲ ‘ಸೇರಿಸು’ ಗುಂಡಿ ಒತ್ತಿ, ಪರದೆಯ ಬಲಕ್ಕೆ ಸರಿಯುತ್ತಾ ಸರಿಯುತ್ತಾ ಕಿರಿದಾದ ಪೆಟ್ಟಿಗೆಯೊಳಗೆ ಬರೆಯಬೇಕಾಯಿತು. ಗೋಡೆಯ ನಮೂನೆಯಲ್ಲಿ ‘ಪೂರ್ವ’ ಎಂಬ ಒಂದು ಪದ ಬಿಟ್ಟರೆ ಬರೆಯಲು ಏನೂ ಇರಲಿಲ್ಲ; ಪಟ್ಟಿಕೆಯ ನಮೂನೆಯಲ್ಲಿ ‘ಮಕರ’ ಎಂಬ ಒಂದು ಪದ.

ಅಲ್ಲಿಂದ ಕಲಿತ ಮೊದಲ ಪರೀಕ್ಷೆ ಇದು: ಒಂದು ಮಟ್ಟಕ್ಕೆ ಅದರದೇ ಆದ ಬರಹವಾಗಲಿ ಚಿತ್ರವಾಗಲಿ ಇಲ್ಲದಿದ್ದರೆ ಅದು ಮಟ್ಟವಲ್ಲ, ಬರಿಯ ಗುರುತುಚೀಟಿ. ಗುರುತುಚೀಟಿಗೆ ಘಟಕ ಬೇಡ, ಒಂದು ಆಯ್ಕೆಪಟ್ಟಿ ಸಾಕು. ನಾನು ಗೋಡೆ ಮತ್ತು ಪಟ್ಟಿಕೆ ಎಂಬ ಎರಡು ಮಟ್ಟಗಳನ್ನು ಕಿತ್ತುಹಾಕಿ, ‘ಶಿಲ್ಪ’ದ ನಮೂನೆಯಲ್ಲಿಯೇ ‘ದಿಕ್ಕು’ ಎಂಬ ಆಯ್ಕೆಪಟ್ಟಿಯನ್ನೂ ‘ಪಟ್ಟಿಕೆ’ ಎಂಬ ವರ್ಗೀಕರಣ ಪದಗಳ ಪಟ್ಟಿಯನ್ನೂ ಇಟ್ಟೆ. ನಾಲ್ಕು ಮಟ್ಟ ಎರಡಾಯಿತು, ಮಾಹಿತಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಎರಡನೆಯ ಪರೀಕ್ಷೆ ಇದಕ್ಕಿಂತ ಮುಖ್ಯವಾದದ್ದು. ಪ್ಯಾರಾಗ್ರಾಫ್ ಯಾವಾಗಲೂ ತನ್ನ ಒಡೆಯನಿಗೆ ಅಂಟಿಕೊಂಡೇ ಇರುತ್ತದೆ. ಅದಕ್ಕೆ ಸ್ವಂತ ಪುಟವಿಲ್ಲ, ಸ್ವಂತ ವಿಳಾಸವಿಲ್ಲ, ಒಡೆಯನನ್ನು ಅಳಿಸಿದರೆ ಅದಕ್ಕೂ ಉಳಿವಿಲ್ಲ. ಹಾಗಾಗಿ ಒಡೆಯನಿಲ್ಲದೆಯೂ ಅರ್ಥವುಳ್ಳ ಸಂಗತಿಯನ್ನು ಪ್ಯಾರಾಗ್ರಾಫ್ ಮಾಡಬಾರದು. ರೂವಾರಿ ಮಲ್ಲಿತಮ್ಮನನ್ನು ತೆಗೆದುಕೊಳ್ಳಿ. ಅವನ ಕೈಕೆಲಸ ನುಗ್ಗೇಹಳ್ಳಿಯಲ್ಲಿದೆ, ಜಾವಗಲ್‌ನಲ್ಲಿದೆ, ಸೋಮನಾಥಪುರದಲ್ಲಿದೆ. ಅವನ ಪರಿಚಯವನ್ನು ಶಿಲ್ಪದೊಳಗಿನ ಘಟಕವಾಗಿ ಮಾಡಿದರೆ, ಅವನು ಕಡೆದ ಪ್ರತಿ ವಿಗ್ರಹದ ಕೆಳಗೂ ಅದೇ ಪರಿಚಯವನ್ನು ಮತ್ತೆ ಮತ್ತೆ ಬರೆಯಬೇಕಾಗುತ್ತದೆ. ಒಂದು ಕಡೆ ಮಲ್ಲಿತಮ್ಮ, ಇನ್ನೊಂದು ಕಡೆ ಮಲಿತಮ್ಮ ಎಂದಾಗಿ ಕೊನೆಗೆ ಇಬ್ಬರು ಶಿಲ್ಪಿಗಳು ಹುಟ್ಟಿಕೊಳ್ಳುತ್ತಾರೆ. ಅವನಿಗೆ ‘ರೂವಾರಿ’ ಎಂಬ ಪ್ರತ್ಯೇಕ ವಿಷಯ ಬಗೆಯನ್ನು (ಸ್ವಂತ ಪುಟವುಳ್ಳ ನಮೂನೆಯನ್ನು) ಮಾಡಿ, ಶಿಲ್ಪದ ನಮೂನೆಯಿಂದ ಅವನ ಪುಟಕ್ಕೆ ಉಲ್ಲೇಖ ಕೊಡುವುದೇ ಸರಿ. ಬೇಲೂರಿನ ದಾಸೋಜ ಮತ್ತು ಅವನ ಮಗ ಚಾವಣನ ವಿಷಯದಲ್ಲೂ ಹೀಗೆಯೇ. ಚಿತ್ರಕ್ಕೂ ಇದೇ ನ್ಯಾಯ ಸಲ್ಲುತ್ತದೆ: ಶಿಲ್ಪದ ಚಿತ್ರ ನಾಳೆ ಮುಖಪುಟದಲ್ಲಿಯೂ ಬೇಕಾಗಬಹುದು, ಆದ್ದರಿಂದ ಅದನ್ನು ಡ್ರೂಪಲ್‌ನ ಮೀಡಿಯಾ ಭಂಡಾರದಲ್ಲಿಟ್ಟು ಅಲ್ಲಿಂದ ಉಲ್ಲೇಖಿಸಬೇಕು.

ಈ ಪರೀಕ್ಷೆಯಲ್ಲಿ ನಮ್ಮನ್ನು ತುಸು ಸತಾಯಿಸಿದ್ದು ಮೊಸಳೆ. ಅಲ್ಲಿ ನಾಗೇಶ್ವರ ಮತ್ತು ಚೆನ್ನಕೇಶವ ಎಂಬ ಎರಡು ಗುಡಿಗಳು ಅವಳಿಗಳಂತೆ ಅಕ್ಕಪಕ್ಕ ನಿಂತಿವೆ. ಹಳೇಬೀಡಿನಲ್ಲಿಯೂ ಹೊಯ್ಸಳೇಶ್ವರ, ಶಾಂತಲೇಶ್ವರ ಎಂದು ಎರಡು ಗರ್ಭಗುಡಿಗಳಿವೆ, ಆದರೆ ಅವು ಒಂದೇ ಕಟ್ಟಡದೊಳಗೆ ಸೇರಿಕೊಂಡಿವೆ. ಮೇಲ್ನೋಟಕ್ಕೆ ಎರಡೂ ಕಡೆ ‘ಎರಡು ಭಾಗ’ ಎಂದೆನಿಸಿದರೂ, ಮೊಸಳೆಯದ್ದು ಎರಡು ದೇವಾಲಯಗಳು, ಹಳೇಬೀಡಿನದ್ದು ಎರಡು ಗರ್ಭಗುಡಿಗಳುಳ್ಳ ಒಂದು ದೇವಾಲಯ. ಹಾಗಾಗಿ ಮೊಸಳೆಗೆ ಎರಡು ಪುಟ ಮಾಡಿ, ‘ಆವರಣ’ ಎಂಬ ಇನ್ನೊಂದು ವಿಷಯ ಬಗೆಯ ಮೂಲಕ ಜೊತೆಗೂಡಿಸಿದೆವು. ಬೇಲೂರಿನ ಆವರಣದಲ್ಲಿರುವ ಕಪ್ಪೆಚೆನ್ನಿಗರಾಯ, ವೀರನಾರಾಯಣ ಗುಡಿಗಳಿಗೂ ಅದೇ ವ್ಯವಸ್ಥೆ ಒದಗಿತು. ಕಾಗದದ ಮೇಲೆ ಈ ಚರ್ಚೆಗೆ ಒಂದು ಸಂಜೆ ಹಿಡಿಯಿತು. ಪುಟಗಳು ತುಂಬಿದ ಮೇಲೆ ಇದನ್ನು ಬದಲಿಸಬೇಕಾಗಿ ಬಂದಿದ್ದರೆ ತಿಂಗಳು ಹಿಡಿಯುತ್ತಿತ್ತು.

ಒಳಗಿನಿಂದ ಹೊರಕ್ಕೆ ಕಟ್ಟುವುದು

ಮಾಡ್ಯೂಲ್ ಅನ್ನು ಕಂಪೋಸರ್ ಎಂಬ, ತಂತ್ರಾಂಶಗಳನ್ನು ತರಿಸಿಕೊಡುವ ಸಾಧನದ ಮೂಲಕ ತರಿಸಿಕೊಳ್ಳಿ. ಪ್ಯಾರಾಗ್ರಾಫ್ಸ್ ಕೇಳಿದರೆ ಅದಕ್ಕೆ ಆಧಾರವಾದ ಎಂಟಿಟಿ ರೆಫರೆನ್ಸ್ ರಿವಿಷನ್ಸ್ ಎಂಬ ಇನ್ನೊಂದು ಮಾಡ್ಯೂಲ್ ತಾನಾಗಿಯೇ ಬರುತ್ತದೆ. ಎರಡನ್ನೂ ‘ಎಕ್ಸ್‌ಟೆಂಡ್’ ಪುಟದಲ್ಲಿ ಸಕ್ರಿಯಗೊಳಿಸಿ.

ಎಲ್ಲಕ್ಕಿಂತ ಒಳಗಿನ ಘಟಕವನ್ನು ಮೊದಲು ಮಾಡಬೇಕು, ಏಕೆಂದರೆ ‘ಭಾಗ’ವನ್ನು ರೂಪಿಸುವಾಗ ಅದರೊಳಗೆ ಆಯ್ದುಕೊಳ್ಳಲು ‘ಶಿಲ್ಪ’ ಆಗಲೇ ಇರಬೇಕಾಗುತ್ತದೆ. ‘ಸ್ಟ್ರಕ್ಚರ್’ ಎಂಬಲ್ಲಿಂದ ‘ಪ್ಯಾರಾಗ್ರಾಫ್ಸ್ ಟೈಪ್ಸ್’ ಪುಟಕ್ಕೆ ಹೋಗಿ ಹೊಸ ಬಗೆಯನ್ನು ಸೇರಿಸಿ. ಹೆಸರಿನ ಜಾಗದಲ್ಲಿ ‘ಶಿಲ್ಪ’ ಎಂದು ಕನ್ನಡದಲ್ಲಿಯೇ ಬರೆಯಬಹುದು, ಬರೆಯಬೇಕು ಕೂಡ, ಏಕೆಂದರೆ ತುಂಬುವವರ ಕಣ್ಣಿಗೆ ಬೀಳುವುದು ಆ ಹೆಸರೇ. ಆದರೆ ಡ್ರೂಪಲ್ ಅದರಿಂದ ತಾನೇ ತಯಾರಿಸುವ ಯಂತ್ರನಾಮವನ್ನು (ಗಣಕ ಒಳಗೊಳಗೆ ಬಳಸುವ ಹೆಸರನ್ನು) ಹಾಗೆಯೇ ಒಪ್ಪಿಕೊಳ್ಳಬೇಡಿ. ಕನ್ನಡ ಅಕ್ಷರಗಳನ್ನು ಅದು ರೋಮನ್ ಅಕ್ಷರಗಳಿಗೆ ತಿರುಗಿಸುವ ರೀತಿ ನಾವು ಓದುವ ರೀತಿಗೆ ಯಾವಾಗಲೂ ಹೊಂದುವುದಿಲ್ಲ. ಪಕ್ಕದ ‘ಎಡಿಟ್’ ಒತ್ತಿ, ಚಿಕ್ಕದಾದ, ಅರ್ಥವಾಗುವ ಯಂತ್ರನಾಮವನ್ನು ರೋಮನ್ ಅಕ್ಷರಗಳಲ್ಲಿ ನೀವೇ ಬರೆಯಿರಿ. ಒಮ್ಮೆ ಉಳಿಸಿದ ಮೇಲೆ ಅದನ್ನು ಬದಲಿಸಲಾಗುವುದಿಲ್ಲ. ಫೀಲ್ಡ್‌ನ ಯಂತ್ರನಾಮಕ್ಕೆ 32 ಅಕ್ಷರಗಳ ಮಿತಿಯಿದೆ, ಅದರಲ್ಲಿ ಆರು ಅಕ್ಷರಗಳನ್ನು ಡ್ರೂಪಲ್ ತನ್ನ ಪೂರ್ವಪದಕ್ಕೆ ತೆಗೆದುಕೊಳ್ಳುತ್ತದೆ.

ನಂತರ ‘ಮ್ಯಾನೇಜ್ ಫೀಲ್ಡ್ಸ್’ ಪುಟದಲ್ಲಿ ಶಿಲ್ಪದ ಹೆಸರು, ವಿವರಣೆ, ಚಿತ್ರಕ್ಕೆ ಮೀಡಿಯಾ ಉಲ್ಲೇಖ, ರೂವಾರಿಗೆ ವಿಷಯ ಉಲ್ಲೇಖ, ದಿಕ್ಕು, ಪಟ್ಟಿಕೆ ಇವನ್ನು ಸೇರಿಸಿ. ಕಡ್ಡಾಯ ಎಂಬ ಗುರುತನ್ನು ಹೆಸರಿಗೆ ಮಾತ್ರ ಹಾಕಿ. ಸ್ಥಳಕ್ಕೆ ಹೋದ ವಿದ್ಯಾರ್ಥಿಗಳು ಹೆಸರನ್ನಷ್ಟೇ ಗುರುತು ಹಾಕಿಕೊಂಡು ಬಂದು, ಚಿತ್ರವನ್ನು ಬೆಳಕು ಸರಿಯಾಗಿರುವ ಇನ್ನೊಂದು ದಿನ ತೆಗೆಯುವುದು ನಮ್ಮಲ್ಲಿ ಮಾಮೂಲು. ಚಿತ್ರ ಕಡ್ಡಾಯವೆಂದರೆ ಅವರು ಯಾವುದೋ ಒಂದನ್ನು ತುರುಕಿ ಉಳಿಸುತ್ತಾರೆ, ಆಮೇಲೆ ಅದು ಹಾಗೆಯೇ ಉಳಿದುಬಿಡುತ್ತದೆ.

ಈಗ ‘ಭಾಗ’ ಎಂಬ ಬಗೆಯನ್ನು ಮಾಡಿ, ಅದಕ್ಕೆ ಶೀರ್ಷಿಕೆ, ವರ್ಣನೆ ಮತ್ತು ‘ಶಿಲ್ಪಗಳು’ ಎಂಬ ಫೀಲ್ಡ್‌ಗಳನ್ನು ಕೊಡಿ. ಈ ಕೊನೆಯ ಫೀಲ್ಡ್‌ನ ಬಗೆ ‘ಪ್ಯಾರಾಗ್ರಾಫ್’ ಆಗಿರಬೇಕು, ಸಂಖ್ಯೆ ‘ಅನ್‌ಲಿಮಿಟೆಡ್’ ಆಗಿರಬೇಕು. ಅದರ ಸೆಟ್ಟಿಂಗ್ ಪುಟದ ಕೆಳಗೆ ಯಾವ ಯಾವ ಬಗೆಗಳನ್ನು ಇಲ್ಲಿ ಸೇರಿಸಬಹುದೆಂದು ಕೇಳುವ ಪಟ್ಟಿಯೊಂದಿರುತ್ತದೆ. ಇದನ್ನು ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಯಾವುದೂ ಬೇಡವೆಂದು ಅರ್ಥವಲ್ಲ, ಎಲ್ಲವೂ ಸರಿಯೆಂದು ಅರ್ಥ. ಆಗ ಭಾಗದೊಳಗೆ ಶಿಲ್ಪದ ಜೊತೆಗೆ ಇನ್ನೊಂದು ಭಾಗವನ್ನೂ, ಅದರೊಳಗೆ ಮತ್ತೊಂದನ್ನೂ ಸೇರಿಸುತ್ತಾ ಹೋಗಬಹುದು. ನಾಳೆ ನೀವು ಹೊಸದಾಗಿ ಮಾಡುವ ಬಗೆಗಳೂ ಕೇಳದೆಯೇ ಬಂದು ಆ ಪಟ್ಟಿಯಲ್ಲಿ ಕೂರುತ್ತವೆ. ‘ಇನ್‌ಕ್ಲೂಡ್’ ಎಂಬುದನ್ನು ಆಯ್ದು, ‘ಶಿಲ್ಪ’ವೊಂದಕ್ಕೆ ಮಾತ್ರ ಗುರುತು ಹಾಕಿ.

ಕೊನೆಗೆ ‘ದೇವಾಲಯ’ ಎಂಬ ವಿಷಯ ಬಗೆಗೆ ‘ಭಾಗಗಳು’ ಎಂಬ ಪ್ಯಾರಾಗ್ರಾಫ್ ಫೀಲ್ಡ್ ಸೇರಿಸಿ, ಅಲ್ಲಿ ‘ಭಾಗ’ಕ್ಕೆ ಮಾತ್ರ ಅವಕಾಶ ಕೊಡಿ. ಇಲ್ಲಿಯೂ ಸಂಖ್ಯೆಗೆ ಮಿತಿ ಹಾಕುವ ಯೋಚನೆ ಬೇಡ. ಬೇಲೂರಿನ ಚೆನ್ನಕೇಶವ ಏಕಕೂಟ, ಅಂದರೆ ಒಂದೇ ಗರ್ಭಗುಡಿಯದು; ಹಳೇಬೀಡು ದ್ವಿಕೂಟ, ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ತ್ರಿಕೂಟ, ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಚತುಷ್ಕೂಟ. ಬೇಲೂರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಗರ್ಭಗುಡಿ ಒಂದೇ ಎಂದು ರಚನೆಯನ್ನು ಬಿಗಿದಿದ್ದರೆ ಜಿಲ್ಲೆ ದಾಟುವ ಮೊದಲೇ ಮುಗ್ಗರಿಸುತ್ತಿದ್ದೆವು. ಮಿತಿಯನ್ನು ಮುಂದೆ ಹೆಚ್ಚಿಸುವುದು ಸುಲಭ, ಆದರೆ ತುಂಬಿದ ಮಾಹಿತಿ ಅದಕ್ಕಿಂತ ಹೆಚ್ಚಿದ್ದರೆ ಇಳಿಸಲು ಡ್ರೂಪಲ್ ಬಿಡುವುದಿಲ್ಲ. ಮಾಹಿತಿ ತುಂಬಿದ ಮೇಲೆ ಫೀಲ್ಡ್‌ನ ಬಗೆಯನ್ನಂತೂ ಬದಲಿಸುವಂತೆಯೇ ಇಲ್ಲ.

ತುಂಬುವವರ ಪರದೆ

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ. ನನ್ನ ಅನುಭವದಲ್ಲಿ ಒಳಘಟಕಗಳ ಯಶಸ್ಸು ನಿಂತಿರುವುದು ಮುಂದಿನ ಪುಟದ ಮೇಲೆ, ಅಂದರೆ ‘ಮ್ಯಾನೇಜ್ ಫಾರ್ಮ್ ಡಿಸ್‌ಪ್ಲೇ’ ಮೇಲೆ. ಏನನ್ನೂ ಬದಲಿಸದೆ ಬಿಟ್ಟರೆ, ಬೇಲೂರಿನ ಪುಟವನ್ನು ತಿದ್ದಲು ತೆರೆದ ಕೂಡಲೇ ಎಲ್ಲ ಭಾಗಗಳೂ, ಅವುಗಳೊಳಗಿನ ಎಲ್ಲ ಶಿಲ್ಪಗಳೂ ಒಟ್ಟಿಗೆ ಬಿಚ್ಚಿಕೊಂಡು ಬರುತ್ತವೆ. ಬೇಲೂರಿನ ಮದನಿಕೆಯರ ಸಂಖ್ಯೆ 42. ಹೊರಗೆ 38, ಒಳಗೆ ನವರಂಗದಲ್ಲಿ 4. ಪ್ರತಿಯೊಂದಕ್ಕೂ ಆರು ಫೀಲ್ಡ್‌ಗಳೆಂದರೆ ಮದನಿಕೆಯರಿಗೇ 252 ಫೀಲ್ಡ್‌ಗಳು. ಮೇಷ್ಟ್ರು ಒಂದು ಕಾಗುಣಿತ ತಪ್ಪನ್ನು ತಿದ್ದಲು ಹತ್ತು ನಿಮಿಷ ಪರದೆ ಉರುಳಿಸುತ್ತಾ ಕುಳಿತಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು.

ಫೀಲ್ಡ್‌ನ ವಿಜೆಟ್ (ತುಂಬುವ ಪೆಟ್ಟಿಗೆಯ ರೂಪ) ಪಕ್ಕದ ಹಲ್ಲಿನ ಚಕ್ರದ ಗುರುತನ್ನು ಒತ್ತಿದರೆ ಸೆಟ್ಟಿಂಗ್‌ಗಳು ತೆರೆಯುತ್ತವೆ. ‘ಎಡಿಟ್ ಮೋಡ್’ ಎಂಬುದನ್ನು ‘ಕ್ಲೋಸ್ಡ್’ ಮಾಡಿ. ಆಗ ಪ್ರತಿ ಘಟಕವೂ ಒಂದು ಸಾಲಿನ ಸಾರಾಂಶವಾಗಿ ಮಡಚಿಕೊಂಡಿರುತ್ತದೆ, ಬೇಕಾದದ್ದನ್ನು ಮಾತ್ರ ತೆರೆಯಬಹುದು. ‘ಕ್ಲೋಸ್ಡ್, ಶೋ ನೆಸ್ಟೆಡ್’ ಎಂಬ ಇನ್ನೊಂದು ಆಯ್ಕೆಯಿದೆ. ಅದು ಹೊರಗಿನದನ್ನು ಮಡಚಿಟ್ಟು ಒಳಗಿನ ಘಟಕಗಳ ಸಾಲನ್ನು ತೋರಿಸುತ್ತದೆ. ದೇವಾಲಯದ ‘ಭಾಗಗಳು’ ಫೀಲ್ಡ್‌ಗೆ ನಾವು ಇದನ್ನೇ ಇಟ್ಟುಕೊಂಡಿದ್ದೇವೆ, ಏಕೆಂದರೆ ಯಾವ ಭಾಗದಲ್ಲಿ ಯಾವ ಶಿಲ್ಪಗಳು ಬಂದಿವೆ ಎಂಬುದು ಒಂದೇ ನೋಟದಲ್ಲಿ ತಿಳಿಯುತ್ತದೆ. ‘ಆಟೊಕೊಲ್ಯಾಪ್ಸ್’ ಅನ್ನು ‘ಆಲ್’ ಎಂದು ಇಟ್ಟರೆ, ಒಂದನ್ನು ತೆರೆದಾಗ ಉಳಿದವು ತಾವೇ ಮುಚ್ಚಿಕೊಳ್ಳುತ್ತವೆ. ‘ಡೀಫಾಲ್ಟ್ ಪ್ಯಾರಾಗ್ರಾಫ್ ಟೈಪ್’ ಎಂಬಲ್ಲಿ ‘ನನ್’ ಎಂದೇ ಆರಿಸಿ. ಇಲ್ಲದಿದ್ದರೆ ಒಂದೇ ಬಗೆಗೆ ಅವಕಾಶವಿರುವ ಫೀಲ್ಡ್‌ನಲ್ಲಿ ಪ್ರತಿ ಹೊಸ ಭಾಗದ ಜೊತೆಗೆ ಒಂದು ಖಾಲಿ ಶಿಲ್ಪವೂ ಹುಟ್ಟುತ್ತದೆ. ಶಿಲ್ಪವೇ ಇಲ್ಲದ ಸುಕನಾಸಿಯನ್ನು ಉಳಿಸಲು ಹೋದಾಗ ‘ಶಿಲ್ಪದ ಹೆಸರು ಕಡ್ಡಾಯ’ ಎಂಬ ಸಂದೇಶ ಬರುತ್ತದೆ, ಪಾಪ, ತುಂಬುವವರಿಗೆ ತಾವು ಮಾಡಿದ ತಪ್ಪೇನೆಂದೇ ತಿಳಿಯುವುದಿಲ್ಲ. ಶೀರ್ಷಿಕೆಯ ಜಾಗಗಳಲ್ಲಿ ‘ಪ್ಯಾರಾಗ್ರಾಫ್’ ಎಂಬುದನ್ನು ತೆಗೆದು ‘ಶಿಲ್ಪ’, ‘ಶಿಲ್ಪಗಳು’ ಎಂದು ಬರೆಯಿರಿ. ಚಿಕ್ಕ ವಿಷಯವೇ, ಆದರೆ ಅದಾದ ಮೇಲೆ ಮೇಷ್ಟ್ರು ನನಗೆ ಫೋನ್ ಮಾಡುವುದು ಅರ್ಧಕ್ಕಿಳಿಯಿತು.

ಮಡಚಿಡುವುದರಿಂದ ಕಣ್ಣಿಗೆ ಕಾಣದ ಇನ್ನೊಂದು ಉಪಯೋಗವಿದೆ, ಅದನ್ನು ನಾವು ಏಟು ತಿಂದೇ ಕಲಿತದ್ದು. ಡ್ರೂಪಲ್ ಓಡುವುದು ಪಿಎಚ್‌ಪಿ ಮೇಲೆ. ಒಂದು ಅರ್ಜಿಯಿಂದ ಎಷ್ಟು ಮೌಲ್ಯಗಳನ್ನು ಸ್ವೀಕರಿಸಬೇಕೆಂಬುದಕ್ಕೆ ಪಿಎಚ್‌ಪಿಯಲ್ಲಿ ‘ಮ್ಯಾಕ್ಸ್ ಇನ್‌ಪುಟ್ ವಾರ್ಸ್’ ಎಂಬ ಮಿತಿಯಿದೆ, ಅದರ ಮೂಲಸಂಖ್ಯೆ 1000. ಪ್ರತಿ ಘಟಕವೂ ತನ್ನ ಫೀಲ್ಡ್‌ಗಳ ಜೊತೆಗೆ ಕ್ರಮಸಂಖ್ಯೆ, ಬರಹದ ನಮೂನೆ ಮುಂತಾದ ಮರೆಯಲ್ಲಿರುವ ಮೌಲ್ಯಗಳನ್ನೂ ಕಳಿಸುವುದರಿಂದ, ಎರಡು ಮಟ್ಟದ ದೊಡ್ಡ ಪುಟವೊಂದು ಈ ಮಿತಿಯನ್ನು ನಾವು ಎಣಿಸುವುದಕ್ಕಿಂತ ಬೇಗ ದಾಟುತ್ತದೆ. ದಾಟಿದ ಮೇಲೆ ಉಳಿದದ್ದನ್ನು ಪಿಎಚ್‌ಪಿ ಕತ್ತರಿಸಿ ಎಸೆಯುತ್ತದೆ. ಪರದೆಯ ಮೇಲೆ ಸ್ಪಷ್ಟವಾದ ದೋಷ ಸಂದೇಶವೇನೂ ಬರುವುದಿಲ್ಲ; ಉಳಿಸು ಎಂದರೆ ಪುಟ ಮತ್ತೆ ಹಾಗೆಯೇ ತೆರೆದುಕೊಳ್ಳುತ್ತದೆ, ಇಲ್ಲವೇ ಕೊನೆಯಲ್ಲಿ ಬರೆದದ್ದು ಕಾಣೆಯಾಗಿರುತ್ತದೆ. ಹಳೇಬೀಡಿನ ಪುಟದಲ್ಲಿ ನಮಗೆ ಹೀಗಾದಾಗ ಎರಡು ದಿನ ಅಂತರಜಾಲ ಸಂಪರ್ಕವನ್ನೇ ಬೈದುಕೊಂಡಿದ್ದೆವು. ಸರ್ವರ್‌ನ ದಾಖಲೆ ಕಡತದಲ್ಲಿ ಎಚ್ಚರಿಕೆಯ ಸಾಲು ಬಿದ್ದಿತ್ತು. ಮಡಚಿಟ್ಟ ಘಟಕಗಳ ಫೀಲ್ಡ್‌ಗಳು ಅರ್ಜಿಯಲ್ಲಿ ಸೇರುವುದೇ ಇಲ್ಲವಾದ್ದರಿಂದ ‘ಕ್ಲೋಸ್ಡ್’ ಸೆಟ್ಟಿಂಗ್ ಈ ಕಾಯಿಲೆಗೂ ಮದ್ದು. ಹಾಗಿದ್ದೂ ಪಿಎಚ್‌ಪಿಯ ಸಂಯೋಜನಾ ಕಡತದಲ್ಲಿ ಆ ಸಂಖ್ಯೆಯನ್ನು 5000ದವರೆಗೆ ಏರಿಸಿಡುವುದು ಒಳ್ಳೆಯದು. ಅಗ್ಗದ ಹೋಸ್ಟಿಂಗ್‌ನಲ್ಲಿ ಇದನ್ನು ಬದಲಿಸಲು ಅವಕಾಶವಿದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಕನ್ನಡ ಮತ್ತು ಇಂಗ್ಲಿಷ್

ಪ್ರವಾಸಿಗರಿಗಾಗಿ ಇಂಗ್ಲಿಷ್ ಪುಟಗಳೂ ಬೇಕೆಂದರೆ, ಒಳಘಟಕಗಳ ವಿಷಯದಲ್ಲಿ ಹೆಚ್ಚಿನವರು ತಪ್ಪು ಹೆಜ್ಜೆ ಇಡುವ ಜಾಗ ಇದೇ. ಡ್ರೂಪಲ್ ಜೊತೆಗೇ ಬರುವ ಭಾಷಾ ಮಾಡ್ಯೂಲ್‌ಗಳನ್ನು ಸಕ್ರಿಯಗೊಳಿಸಿ. ಭಾಷೆಗಳ ಸಿದ್ಧ ಪಟ್ಟಿಯಲ್ಲಿ ಕನ್ನಡ ಇದೆ. ಮೂಲಭಾಷೆ ಯಾವುದೆಂದು ಮೊದಲ ಪುಟ ಬರೆಯುವ ಮೊದಲೇ ನಿರ್ಧರಿಸಿ. ಆಮೇಲೆ ‘ಕಾನ್ಫಿಗರೇಷನ್’ ಅಡಿಯಲ್ಲಿ ವಿಷಯದ ಭಾಷೆ ಮತ್ತು ಅನುವಾದದ ಪುಟಕ್ಕೆ ಹೋದರೆ ಎಲ್ಲ ಬಗೆಗಳೂ ಅವುಗಳ ಫೀಲ್ಡ್‌ಗಳೂ ಗುರುತು ಹಾಕುವ ಚೌಕಗಳೊಂದಿಗೆ ಕಾಣಿಸುತ್ತವೆ.

ಎಲ್ಲವೂ ಅನುವಾದವಾಗಬೇಕಲ್ಲವೇ ಎಂದುಕೊಂಡು ಎಲ್ಲ ಚೌಕಗಳಿಗೂ ಗುರುತು ಹಾಕುವುದು ಸಹಜ. ಹಾಗೆ ಮಾಡಬಾರದು. ದೇವಾಲಯದಲ್ಲಿರುವ ‘ಭಾಗಗಳು’ ಎಂಬ ಫೀಲ್ಡ್‌ಗೂ, ಭಾಗದಲ್ಲಿರುವ ‘ಶಿಲ್ಪಗಳು’ ಎಂಬ ಫೀಲ್ಡ್‌ಗೂ ಗುರುತು ಹಾಕಬಾರದು. ಪ್ಯಾರಾಗ್ರಾಫ್ ಫೀಲ್ಡ್‌ಗಳಿಗೆ ಅನುವಾದದ ಬೆಂಬಲವಿಲ್ಲವೆಂದು ಆ ಪುಟದಲ್ಲಿಯೇ ಸಣ್ಣ ಅಕ್ಷರದ ಎಚ್ಚರಿಕೆ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಗುರುತು ಬೀಳಬೇಕಾದದ್ದು ಘಟಕಗಳೊಳಗಿನ ಬರಹಗಳಿಗೆ: ಭಾಗದ ಶೀರ್ಷಿಕೆ ಮತ್ತು ವರ್ಣನೆ, ಶಿಲ್ಪದ ಹೆಸರು ಮತ್ತು ವಿವರಣೆ. ಹೀಗೆ ಮಾಡಿದಾಗ ಗೋಡೆ ಒಂದೇ, ಶಿಲ್ಪ ಒಂದೇ, ಅದರ ಕೆಳಗಿನ ಬರಹ ಮಾತ್ರ ಎರಡು ಭಾಷೆಯಲ್ಲಿರುತ್ತದೆ. ದಿಕ್ಕಿಗೆ, ರೂವಾರಿಯ ಉಲ್ಲೇಖಕ್ಕೆ, ಮೀಡಿಯಾ ಉಲ್ಲೇಖಕ್ಕೆ ಗುರುತು ಬೇಡ. ಚಿತ್ರದ ವಿಷಯದಲ್ಲಿ ಕಡತವನ್ನು ಬಿಟ್ಟು ಅದರ ಪರ್ಯಾಯ ಪಠ್ಯಕ್ಕೆ ಮಾತ್ರ ಗುರುತು ಹಾಕಲು ಡ್ರೂಪಲ್ ಅವಕಾಶ ಕೊಡುತ್ತದೆ. ಮೀಡಿಯಾ ಬಗೆಯ ಸಾಲಿನಲ್ಲಿ ಅದನ್ನು ಹುಡುಕಿ.

ಇದರ ಪರಿಣಾಮವೊಂದನ್ನು ಬರೆಯುವವರಿಗೆ ಮೊದಲೇ ಹೇಳಿಡಬೇಕು: ಇಂಗ್ಲಿಷ್ ಅನುವಾದದ ಪುಟದಲ್ಲಿ ಹೊಸ ಭಾಗವನ್ನಾಗಲಿ ಶಿಲ್ಪವನ್ನಾಗಲಿ ಸೇರಿಸಲು ಬರುವುದಿಲ್ಲ. ಸೇರಿಸುವುದು, ತೆಗೆಯುವುದು, ಹಿಂದೆ ಮುಂದೆ ಮಾಡುವುದು ಎಲ್ಲವೂ ಮೂಲವಾದ ಕನ್ನಡ ಪುಟದಲ್ಲಿಯೇ. ನಮಗೆ ಇದು ತೊಡಕೆನಿಸಲಿಲ್ಲ. ದೇವಾಲಯ ಎರಡು ಭಾಷೆಗೆ ಎರಡಾಗಿ ಕಟ್ಟಲ್ಪಟ್ಟದ್ದಲ್ಲವಷ್ಟೆ.

ತೋರಿಸುವುದು, ಹುಡುಕುವುದು

‘ಮ್ಯಾನೇಜ್ ಡಿಸ್‌ಪ್ಲೇ’ ಪುಟದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಪ್ಯಾರಾಗ್ರಾಫ್ ಫೀಲ್ಡ್‌ಗೆ ‘ರೆಂಡರ್ಡ್ ಎಂಟಿಟಿ’ ಎಂಬ ರೂಪ ಕೊಡಿ, ಫೀಲ್ಡ್‌ನ ಹೆಸರನ್ನು ಮರೆಮಾಡಿ, ಪ್ರತಿ ಬಗೆಯ ಒಳಗೆ ಫೀಲ್ಡ್‌ಗಳ ಕ್ರಮವನ್ನು ಸರಿಪಡಿಸಿ. ವಿನ್ಯಾಸ ಬದಲಿಸಬೇಕಾದರೆ ಟ್ವಿಗ್ ಟೆಂಪ್ಲೇಟ್ ಕಡತಕ್ಕೆ (ಪುಟದ ಅಚ್ಚಿನ ಕಡತಕ್ಕೆ) ಪ್ಯಾರಾಗ್ರಾಫ್ ಎಂಬ ಪದ, ಎರಡು ಅಡ್ಡಗೆರೆ, ಆ ಬಗೆಯ ಯಂತ್ರನಾಮ ಎಂಬ ಕ್ರಮದಲ್ಲಿ ಹೆಸರಿಟ್ಟು ಥೀಮ್‌ನ ಕಡತಕೋಶದಲ್ಲಿ ಇಡಬೇಕು. ಯಂತ್ರನಾಮದಲ್ಲಿ ಕೆಳಗೆರೆ ಇದ್ದರೆ ಕಡತದ ಹೆಸರಿನಲ್ಲಿ ಅದು ಅಡ್ಡಗೆರೆಯಾಗುತ್ತದೆ. ಆಮೇಲೆ ಕ್ಯಾಶ್ (ಡ್ರೂಪಲ್ ತಾತ್ಕಾಲಿಕವಾಗಿ ಇಟ್ಟುಕೊಂಡ ಹಳೆಯ ಪ್ರತಿಗಳು) ತೆರವುಗೊಳಿಸಿ.

ಮಲ್ಲಿತಮ್ಮನ ಎಲ್ಲ ಶಿಲ್ಪಗಳ ಪಟ್ಟಿಯನ್ನು ಪಟ್ಟಿಗಳನ್ನು ತಯಾರಿಸುವ ಡ್ರೂಪಲ್‌ನ ‘ವ್ಯೂಸ್’ ಮೂಲಕ ಮಾಡುವಾಗ ಮಾತ್ರ ಸ್ವಲ್ಪ ನಿಲ್ಲಬೇಕು. ಶಿಲ್ಪಗಳನ್ನು ಪಟ್ಟಿ ಮಾಡಬೇಕಾದ್ದರಿಂದ ಪ್ಯಾರಾಗ್ರಾಫ್‌ನಿಂದಲೇ ವ್ಯೂ ಆರಂಭಿಸಬೇಕೆಂದು ತೋರುತ್ತದೆ. ಹಾಗೆ ಮಾಡಿದರೆ ಪುಟದಿಂದ ತೆಗೆದುಹಾಕಿದ ಮೇಲೂ ಹಳೆಯ ಆವೃತ್ತಿಗಳಲ್ಲಿ ಉಳಿದಿರುವ ಶಿಲ್ಪಗಳು ಪಟ್ಟಿಯಲ್ಲಿ ಬಂದು ಕೂರುತ್ತವೆ. ದೇವಾಲಯದಿಂದ ಆರಂಭಿಸಿ, ‘ಭಾಗಗಳು’ ಫೀಲ್ಡ್ ಮೂಲಕ ಒಂದು ಸಂಬಂಧ, ಅದರ ಮೇಲೆ ‘ಶಿಲ್ಪಗಳು’ ಫೀಲ್ಡ್ ಮೂಲಕ ಇನ್ನೊಂದು ಸಂಬಂಧ ಜೋಡಿಸಿದರೆ ಈಗ ಪುಟದಲ್ಲಿರುವ ಶಿಲ್ಪಗಳಷ್ಟೇ ಬರುತ್ತವೆ. ಪ್ರತಿ ಮಟ್ಟಕ್ಕೂ ಒಂದು ಸಂಬಂಧ ಬೇಕಾಗುತ್ತದೆ ಎಂಬುದನ್ನು ಗಮನಿಸಿ. ನಾಲ್ಕು ಮಟ್ಟವಿದ್ದಿದ್ದರೆ ನಾಲ್ಕು.

ಹಳೆಯ ಆವೃತ್ತಿಗಳು ಉಳಿಯುವುದು ಪ್ಯಾರಾಗ್ರಾಫ್ಸ್‌ನ ದೋಷವಲ್ಲ, ಅದರ ಸ್ವಭಾವ. ಒಡೆಯ ಪುಟವು ಪ್ರತಿ ಒಳಘಟಕದ ಗುರುತುಸಂಖ್ಯೆಯ ಜೊತೆಗೆ ಅದರ ಆವೃತ್ತಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಅದರಿಂದಲೇ ಮೇಷ್ಟ್ರು ಹೋದ ವಾರದ ವರ್ಣನೆಯೇ ಚೆನ್ನಾಗಿತ್ತು ಎಂದಾಗ ಇಡೀ ಪುಟವನ್ನು, ಒಳಗಿನ ಶಿಲ್ಪಗಳ ಸಮೇತ, ಹೋದ ವಾರಕ್ಕೆ ಮರಳಿಸಲು ಸಾಧ್ಯವಾಗುತ್ತದೆ. ಯಾವ ಆವೃತ್ತಿಗೂ ಬೇಡವಾದ ಅನಾಥ ಘಟಕಗಳನ್ನು ಅಳಿಸಲು ಸಿಸ್ಟಮ್ ಸೆಟ್ಟಿಂಗ್‌ಗಳಲ್ಲಿ ಪ್ರತ್ಯೇಕ ಪುಟವಿದೆ. ಡೇಟಾಬೇಸ್‌ನ ಪ್ರತಿ ತೆಗೆದಿಟ್ಟುಕೊಂಡು, ವರ್ಷಕ್ಕೊಂದೆರಡು ಸಲ ಬಳಸಿದರೆ ಸಾಕು.

ಸಾರ್ವಜನಿಕ ತಾಣಕ್ಕೆ ಸಾಗಿಸುವುದು

ಈ ಎಲ್ಲ ಬಗೆಗಳನ್ನೂ ಫೀಲ್ಡ್‌ಗಳನ್ನೂ ಸಾರ್ವಜನಿಕ ತಾಣದಲ್ಲಿ ನೇರವಾಗಿ ಮಾಡಬೇಡಿ. ನಿಮ್ಮ ಗಣಕದಲ್ಲಿ ತಾಣದ ನಕಲನ್ನಿಟ್ಟುಕೊಂಡು ಅಲ್ಲಿ ಮಾಡಿ, ಡ್ರೂಪಲ್‌ಗೆ ಆದೇಶ ಕೊಡುವ ಡ್ರಷ್ ಎಂಬ ಸಾಧನದ ಮೂಲಕ ಸಂಯೋಜನೆಯನ್ನು ಯಾಮಲ್ ಎಂಬ ಸರಳ ಪಠ್ಯ ಕಡತಗಳಾಗಿ ಹೊರತೆಗೆದು, ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ದಾಖಲಿಸಿ, ಅಲ್ಲಿಂದ ಸಾರ್ವಜನಿಕ ತಾಣಕ್ಕೆ ಆಮದು ಮಾಡಿ. ಎರಡೂ ತಾಣಗಳು ಒಂದೇ ಮೂಲದ ನಕಲುಗಳಾಗಿರಬೇಕು. ಬೇರೆಯಾಗಿ ಅನುಸ್ಥಾಪಿಸಿದ ಎರಡು ತಾಣಗಳ ನಡುವೆ ಡ್ರೂಪಲ್ ಈ ಆಮದನ್ನು ಒಪ್ಪುವುದಿಲ್ಲ. ಸಂಯೋಜನೆಯ ಜೊತೆ ವಿಷಯ ಸಾಗುವುದಿಲ್ಲವೆಂಬುದೂ ನೆನಪಿರಲಿ: ‘ಶಿಲ್ಪ’ ಎಂಬ ಬಗೆ ಹೋಗುತ್ತದೆ, ನೀವು ಪರೀಕ್ಷೆಗೆ ತುಂಬಿದ ಶಿಲ್ಪಗಳು ಹೋಗುವುದಿಲ್ಲ. ‘ಪಟ್ಟಿಕೆ’ಯ ವರ್ಗೀಕರಣದ ಚೌಕಟ್ಟು ಹೋಗುತ್ತದೆ, ಆನೆ, ಮಕರ, ಹಂಸ ಎಂಬ ಪದಗಳು ವಿಷಯವೆಂದೇ ಪರಿಗಣಿತವಾಗುವುದರಿಂದ ಅವನ್ನು ಅಲ್ಲಿ ಮತ್ತೆ ಸೇರಿಸಬೇಕು. ‘ದಿಕ್ಕು’ ಎಂಬ ಆಯ್ಕೆಪಟ್ಟಿ ಫೀಲ್ಡ್‌ನ ಸೆಟ್ಟಿಂಗ್ ಆಗಿರುವುದರಿಂದ ತಾನಾಗಿಯೇ ಹೋಗುತ್ತದೆ.

ಆಮದು ಮಾಡುವ ಮೊದಲು ಸ್ಥಳೀಯ ನಕಲಿನಲ್ಲಿ ಒಂದು ದೇವಾಲಯವನ್ನು ಪೂರ್ತಿಯಾಗಿ ತುಂಬಿ ನೋಡಿ. ಪರೀಕ್ಷೆಗೆ ಸಣ್ಣ, ಸರಳ ಗುಡಿಯನ್ನು ಆಯ್ದುಕೊಳ್ಳಬೇಡಿ. ನಾವು ದೊಡ್ಡಗದ್ದವಳ್ಳಿಯನ್ನು ಆಯ್ದುಕೊಂಡೆವು, ನಾಲ್ಕು ಗರ್ಭಗುಡಿಗಳು ಅಲ್ಲಿರುವುದರಿಂದ. ತುಂಬುವ ಕೆಲಸವನ್ನು ನೀವು ಮಾಡದೆ, ಮುಂದೆ ಯಾರು ತುಂಬುತ್ತಾರೋ ಅವರನ್ನೇ ಕೂರಿಸಿ, ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಅವರು ಎಲ್ಲಿ ತಡವರಿಸುತ್ತಾರೋ ಬರೆದುಕೊಳ್ಳಿ. ಅದನ್ನು ಸರಿಪಡಿಸಿ, ಇಂಗ್ಲಿಷ್ ಅನುವಾದವನ್ನೂ ಒಮ್ಮೆ ಉಳಿಸಿ, ಒಂದು ಶಿಲ್ಪವನ್ನು ತೆಗೆದು ಹಳೆಯ ಆವೃತ್ತಿಗೆ ಮರಳಿ ಬನ್ನಿ. ಇವೆಲ್ಲ ನೆಟ್ಟಗೆ ನಡೆದರೆ ಸಾರ್ವಜನಿಕ ತಾಣದ ಡೇಟಾಬೇಸ್‌ನ ಪ್ರತಿ ತೆಗೆದಿಟ್ಟು ಆಮದು ಮಾಡಿ, ಕ್ಯಾಶ್ ತೆರವುಗೊಳಿಸಿ, ಲಾಗಿನ್ ಆಗದ ಬೇರೊಂದು ಬ್ರೌಸರ್‌ನಲ್ಲಿ ಪುಟವನ್ನು ತೆರೆದು ನೋಡಿ.